ಜೀನ್ ಸಾಗಣೆಗೆ ಪ್ರತಿ ಕೊಂಡಿಯೂ ಗೊತ್ತಿರುವ ಪಾಲಿಮರ್ ನಿಜಕ್ಕೂ ಬೇಕೇ?

ಪ್ರಶ್ನೆ

ನಾನು ಪಾಲಿಮರ್ ರಸಾಯನಶಾಸ್ತ್ರದಲ್ಲಿ ಈಗಷ್ಟೇ ಸಂಶೋಧನೆ ಆರಂಭಿಸಿರುವ ವಿದ್ಯಾರ್ಥಿನಿ. ಜೀವಕೋಶದೊಳಕ್ಕೆ ಡಿಎನ್‌ಎ ಸಾಗಿಸಲು ಪಾಲಿಎಥಿಲೀನ್‌ಇಮೀನ್, ಅಂದರೆ ಪಿಇಐ, 1995ರಿಂದ ಬಳಕೆಯಲ್ಲಿದೆ. ಅದು ಸುಲಭವಾಗಿ ಸಿಗುತ್ತದೆ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೀಗಿದ್ದೂ ಘನ ಆಧಾರದ (ಕರಗದ ರಾಳದ ಕಣಗಳ) ಮೇಲೆ ಒಂದೊಂದೇ ಘಟಕವನ್ನು ಪೋಣಿಸಿ, ಯಾವ ಸ್ಥಾನದಲ್ಲಿ ಯಾವುದಿದೆ ಎಂಬುದು ಪೂರ್ತಿಯಾಗಿ ಗೊತ್ತಿರುವ ಪಾಲಿಮರ್ ತಯಾರಿಸಲು ಇಷ್ಟು ಶ್ರಮ ಪಡುವುದೇಕೆ? ಆ ನಿಖರತೆಯಿಂದ ಸಾಗಣೆ ಉತ್ತಮಗೊಳ್ಳುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಿಖರತೆಯ ಮೊದಲ ಲಾಭವಿರುವುದು ಕಾರಣವನ್ನು ಗುರುತಿಸುವುದರಲ್ಲಿ. ಸಾಗಣೆ ಉತ್ತಮಗೊಳ್ಳುವುದು ಅದರ ನಂತರದ ಮಾತು. ಪಿಇಐ ಬಾಟಲಿಯ ಮೇಲೆ 25,000 ಡಾಲ್ಟನ್ ಎಂದು ಬರೆದಿರುತ್ತದಲ್ಲವೇ, ಅದು ಸರಾಸರಿ ಮಾತ್ರ. ಒಂದು ಸಾರಜನಕಕ್ಕೆ 43 ಡಾಲ್ಟನ್‌ನಂತೆ ಲೆಕ್ಕ ಹಾಕಿದರೆ ಸುಮಾರು 580 ಸಾರಜನಕಗಳಾಗುತ್ತವೆ, ಆದರೆ ಅದಕ್ಕಿಂತ ಬಹಳ ಗಿಡ್ಡ ಮತ್ತು ಬಹಳ ಉದ್ದದ ಸರಪಳಿಗಳೂ ಅದೇ ಬಾಟಲಿಯಲ್ಲಿರುತ್ತವೆ. ಕವಲೊಡೆದ ಪಿಇಐನಲ್ಲಂತೂ ಪ್ರಾಥಮಿಕ, ದ್ವಿತೀಯ, ತೃತೀಯ ಅಮೀನ್‌ಗಳು ಬೆರೆತಿರುತ್ತವೆ. ಡಿಎನ್‌ಎಯನ್ನು ಒಳಗೆ ತಲುಪಿಸಿದ್ದು ಒಂದು ಬಗೆಯ ಸರಪಳಿ, ಕೋಶಪೊರೆಯನ್ನು ಹಾಳುಗೆಡವಿ ಕೋಶವನ್ನು ಕೊಂದದ್ದು ಇನ್ನೊಂದು ಬಗೆಯದು ಎಂದಾದರೆ, ಈ ಮಿಶ್ರಣದಲ್ಲಿ ಅವೆರಡನ್ನೂ ಬೇರ್ಪಡಿಸಿ ತೋರಿಸುವ ದಾರಿಯೇ ಇಲ್ಲ.

ಮ್ಯೂನಿಕ್‌ನಲ್ಲಿ ಅರ್ನ್ಸ್ಟ್ ವಾಗ್ನರ್ ಅವರ ತಂಡ ಅನುಸರಿಸಿದ ಕ್ರಮವನ್ನು ನೋಡಿ. ಐದು ಸಾರಜನಕಗಳುಳ್ಳ ಟೆಟ್ರಾಎಥಿಲೀನ್‌ಪೆಂಟಮೀನ್‌ನ ಒಂದು ತುದಿಗೆ ಸಕ್ಸಿನಿಕ್ ಆಮ್ಲವನ್ನು ಸೇರಿಸಿ, ಉಳಿದ ಅಮೀನ್‌ಗಳಿಗೆ ರಕ್ಷಕ ಗುಂಪುಗಳನ್ನು ಕೂಡಿಸಿ, ಅದನ್ನು ಅಮೈನೋ ಆಮ್ಲದಂತೆಯೇ ಪೆಪ್ಟೈಡ್ ಜೋಡಣೆಯಲ್ಲಿ ಬಳಸಬಹುದಾದ ಘಟಕವನ್ನಾಗಿ ಅವರು ಮಾಡಿಕೊಂಡರು. ಬಳಿಕ ಅದೇ ಸರಪಳಿಗೆ ಗಂಧಕವುಳ್ಳ ಅಮೈನೋ ಆಮ್ಲವಾದ ಸಿಸ್ಟೀನ್ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಪರೀಕ್ಷಿಸಿದರೆ, ಸಿಸ್ಟೀನ್‌ಗಳ ನಡುವೆ ಏರ್ಪಡುವ ಡೈಸಲ್ಫೈಡ್ ಬಂಧಗಳಿಂದ ಪಾಲಿಮರ್ ಮತ್ತು ಡಿಎನ್‌ಎ ಕೂಡಿ ಆದ ಕಣಕ್ಕೆ ಬಂದ ಸ್ಥಿರತೆ ಎಷ್ಟೆಂದು ನೇರವಾಗಿ ಗೊತ್ತಾಗುತ್ತದೆ. ಈ ಬಂಧಗಳನ್ನು ಒಡೆಯುವ ಗ್ಲುಟಾಥಯೋನ್‌ನ ಸಾಂದ್ರತೆಯು ಕೋಶದ ಹೊರಗಿಗಿಂತ ಸೈಟೋಪ್ಲಾಸಂನಲ್ಲಿ ನೂರಾರು ಪಟ್ಟು ಹೆಚ್ಚಿರುವುದರಿಂದ ಆ ಬಂಧಗಳು ಒಳಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತವೆ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ವಿಷಯವೂ ಹೀಗೆಯೇ: ಕೋಶವು ಕಣವನ್ನು ಒಳಗೆಳೆದುಕೊಳ್ಳುವ ಪೊರೆಚೀಲದ, ಅಂದರೆ ಎಂಡೋಸೋಮ್‌ನ ಪಿಎಚ್ 6ರ ಆಸುಪಾಸಿಗೆ ಇಳಿದಾಗ ಅದು ಪ್ರೋಟಾನ್ ಹಿಡಿದುಕೊಳ್ಳುತ್ತದೆ. ಅದನ್ನು ಎಲ್ಲಿ, ಎಷ್ಟು ಇಡಬೇಕೆಂಬುದನ್ನು ಒಂದೊಂದಾಗಿ ಬದಲಿಸಿ ನೋಡಬಹುದು.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎರಡು ಆಕ್ಷೇಪಗಳಿವೆ. ಅಣು ಎಷ್ಟೇ ನಿಖರವಾಗಿದ್ದರೂ ಅದು ಡಿಎನ್‌ಎ ಜೊತೆ ಕೂಡಿ ಆಗುವ ಕಣ ನಿಖರವಾಗಿರುವುದಿಲ್ಲ. ಯಾವುದನ್ನು ಯಾವುದಕ್ಕೆ ಎಷ್ಟು ವೇಗದಲ್ಲಿ ಬೆರೆಸಿದಿರಿ, ಬಫರ್‌ನಲ್ಲಿ ಉಪ್ಪು ಎಷ್ಟಿತ್ತು ಎಂಬುದರ ಮೇಲೆಯೇ ಗಾತ್ರ ಬದಲಾಗುತ್ತದೆ. ಎರಡನೆಯದು ಇಳುವರಿಯ ಪ್ರಶ್ನೆ. ಪ್ರತಿ ಜೋಡಣೆಯೂ ಶೇ. 99ರಷ್ಟು ಪೂರ್ಣಗೊಂಡರೆ 30 ಹಂತಗಳ ಬಳಿಕ ಶೇ. 74ರಷ್ಟು ಸರಿಯಾದ ಸರಪಳಿ ಉಳಿಯುತ್ತದೆ, ಶೇ. 98 ಆದರೆ ಅದು ಶೇ. 55ಕ್ಕೆ ಇಳಿಯುತ್ತದೆ. ಒಂದೇ ಘಟಕ ಕಡಿಮೆಯಿರುವ ಸರಪಳಿಯನ್ನು ಸರಿಯಾದದ್ದರಿಂದ ಬೇರ್ಪಡಿಸುವುದು ಎಷ್ಟು ಕಷ್ಟವೆಂದು ಕ್ರೊಮಟೋಗ್ರಫಿ ಮಾಡಿದವರಿಗೆ ಗೊತ್ತು. ದೊಡ್ಡ ಪ್ರಮಾಣದಲ್ಲಿ ಬೇಕಿದ್ದರೆ ರಾಫ್ಟ್‌ನಂತಹ ನಿಯಂತ್ರಿತ ಪಾಲಿಮರೀಕರಣವೇ ವಾಸಿ. ಅದರಲ್ಲಿ ಘಟಕಗಳ ಅನುಕ್ರಮ ಕೈಗೆ ಸಿಗದಿದ್ದರೂ ಉದ್ದದ ಹರವು ಕಿರಿದಾಗುತ್ತದೆ.

ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಕಣವೇ ಏಕರೂಪವಾಗಿರದಿದ್ದರೆ ಎರಡು ಪಾಲಿಮರ್‌ಗಳ ಹೋಲಿಕೆಯನ್ನು ನಂಬುವುದು ಹೇಗೆ?

ಮೊದಲು ಉತ್ತರಿಸಿದವರು

ಆ ಆಕ್ಷೇಪ ಸರಿಯಾದದ್ದೇ. ಬೆರೆಸುವ ಕ್ರಮ, ಬಫರ್, ಕಾಯುವ ಸಮಯ, ಇವು ಮೂರನ್ನೂ ಎಲ್ಲ ಮಾದರಿಗಳಿಗೂ ಒಂದೇ ರೀತಿ ಇಟ್ಟರೆ, ಉಳಿಯುವ ವ್ಯತ್ಯಾಸಕ್ಕೆ ಪಾಲಿಮರ್‌ನ ರಚನೆಯೇ ಕಾರಣವೆಂದು ಹೇಳಲು ಬಲವಾದ ಆಧಾರ ಸಿಗುತ್ತದೆ. ಪಾಲಿಮರ್‌ನ ಸಾರಜನಕಕ್ಕೂ ಡಿಎನ್‌ಎಯ ಫಾಸ್ಫೇಟ್‌ಗೂ ಇರುವ ಅನುಪಾತವನ್ನು ತೂಕದಿಂದ ಅಂದಾಜು ಮಾಡದೆ ಲೆಕ್ಕ ಹಾಕಿ. 1 ಮೈಕ್ರೋಗ್ರಾಂ ಡಿಎನ್‌ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್ ಇರುತ್ತದೆ, ಆದ್ದರಿಂದ ಅನುಪಾತ 10 ಬೇಕಾದರೆ 30 ನ್ಯಾನೋಮೋಲ್ ಸಾರಜನಕ, ಅಂದರೆ ಸುಮಾರು 1.3 ಮೈಕ್ರೋಗ್ರಾಂ ಪಿಇಐ ಸಾಕು. ಈ ಅನುಪಾತದಲ್ಲಿ ಪಾಲಿಮರ್‌ನ ದೊಡ್ಡ ಪಾಲು ಡಿಎನ್‌ಎಗೆ ಅಂಟದೆ ದ್ರಾವಣದಲ್ಲಿಯೇ ಉಳಿಯುತ್ತದೆ, ಸಾಗಣೆಗೆ ನೆರವಾಗುವುದರಲ್ಲೂ ಕೋಶಕ್ಕೆ ಹಾನಿ ಮಾಡುವುದರಲ್ಲೂ ಅದರ ಪಾತ್ರವಿದೆ. ಹಾಗಾಗಿ ಕಣಗಳನ್ನು ಶೋಧಿಸಿ, ಬಿಡಿ ಪಾಲಿಮರ್ ತೆಗೆದ ಮಾದರಿಯನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಿ.

ಪಾಲಿಮರ್ ಪ್ರೋಟಾನ್‌ಗಳನ್ನು ಹೀರಿಕೊಳ್ಳುವುದರಿಂದ ಎಂಡೋಸೋಮ್ ಉಬ್ಬಿ ಒಡೆದು ಡಿಎನ್‌ಎ ಹೊರಬರುತ್ತದೆ ಎನ್ನುವ ಪ್ರೋಟಾನ್ ಸ್ಪಂಜ್ ವಾದವನ್ನು ಸಿದ್ಧಸತ್ಯವೆಂದು ಬರೆಯಬೇಡಿ, ಅದರ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ಎಂಡೋಸೋಮ್ ಆಮ್ಲೀಯವಾಗುವುದನ್ನು ತಡೆಯುವ ಬ್ಯಾಫಿಲೋಮೈಸಿನ್ ಹಾಕಿದಾಗ ನಿಮ್ಮ ಹಿಸ್ಟಿಡಿನ್ ಇರುವ ಪಾಲಿಮರ್ ಮತ್ತು ಇಲ್ಲದ ಪಾಲಿಮರ್ ಎರಡರ ಫಲಿತಾಂಶವೂ ಎಷ್ಟು ಕುಸಿಯುತ್ತದೆ ಎಂಬುದನ್ನು ಅಳೆದ ಮೇಲೆ ಆ ಭಾಗವನ್ನು ಬರೆಯಿರಿ.