ಶನಿವಾರದ ಎಣ್ಣೆ, ನಿಂತುಹೋದ ಸ್ಕ್ವಾಟ್: ಲೆಕ್ಕ ಗೊತ್ತಿರೋರು ಹೇಳಿ

ಪ್ರಶ್ನೆ (ವಿನೋಬನಗರ, ಶಿವಮೊಗ್ಗ)

ವಯಸ್ಸು 31, ತೂಕ 72 ಕೆ.ಜಿ. ವಾರಕ್ಕೆ ನಾಲ್ಕು ದಿನ ಜಿಮ್, ಭಾನುವಾರ ಬೆಳಿಗ್ಗೆ ಆರಕ್ಕೆ ತೀರ್ಥಹಳ್ಳಿ ರಸ್ತೆಯಲ್ಲಿ 10 ಕಿ.ಮೀ. ಓಟ. ಶನಿವಾರ ಸಂಜೆ ಕಾಲಿನ ವರ್ಕೌಟ್ ಮುಗಿಸಿ ಗೆಳೆಯರ ಜೊತೆ ಕೂತರೆ ಒಂದು ಕ್ವಾರ್ಟರ್ (180 ಮಿ.ಲೀ.) ವಿಸ್ಕಿ, ಇಲ್ಲಾಂದ್ರೆ ಎರಡು ಸ್ಟ್ರಾಂಗ್ ಬಿಯರ್. ಬೇರೆ ದಿನ ಮುಟ್ಟಲ್ಲ. ಸ್ಕ್ವಾಟ್ (ಭಾರ ಹೊತ್ತು ಕೂತೇಳೋದು) 90 ಕೆ.ಜಿ.ಗೆ ನಿಂತುಬಿಟ್ಟಿದೆ, ಕಾಲುನೋವು ಬುಧವಾರದ ತನಕ ಎಳೆಯುತ್ತೆ, ಭಾನುವಾರದ ಓಟದಲ್ಲಿ ಎದೆಬಡಿತ ಸುಮ್ಮನೆ ಏರುತ್ತೆ. ‘ಪೂರ್ತಿ ಬಿಡು’ ಅನ್ನೋದು ಗೊತ್ತಿರೋ ಉತ್ತರ. ಎಷ್ಟು ಕುಡಿದರೆ ಎಷ್ಟು ಹೊಡೆತ, ಯಾವಾಗ ಕುಡಿದರೆ ಜಾಸ್ತಿ, ಮೇಲೆ ವೇ ಪ್ರೊಟೀನ್ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ) ಕುಡಿದರೆ ಸರಿಹೋಗುತ್ತಾ? ಲೆಕ್ಕ ಸಮೇತ ಹೇಳಿ.

ಜಿಮ್ ಕೋಚ್, ದುರ್ಗಿಗುಡಿ

ಪೆಗ್, ಬಾಟಲಿ ಅಂತ ಎಣಿಸೋದು ಬಿಡಿ, ಗ್ರಾಂನಲ್ಲಿ ಎಣಿಸಿ. ಕುಡಿದ ಮಿ.ಲೀ.ಯನ್ನು ಲೇಬಲ್ ಮೇಲಿನ ಶೇಕಡಾ ಪ್ರಮಾಣದಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಸಿಗುತ್ತೆ. ನಮ್ಮಲ್ಲಿ ಮಾರೋ ವಿಸ್ಕಿ, ರಮ್ಮಿನ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತೆ. ಹಾಗಾದರೆ 30 ಮಿ.ಲೀ. ಪೆಗ್‌ನಲ್ಲಿ 10 ಗ್ರಾಂ, ಕ್ವಾರ್ಟರ್ ಅಂದರೆ 61 ಗ್ರಾಂ. 650 ಮಿ.ಲೀ. ಸ್ಟ್ರಾಂಗ್ ಬಿಯರ್ 8% ಇದ್ದರೆ ಒಂದು ಬಾಟಲಿಗೆ 41 ಗ್ರಾಂ, ಎರಡಕ್ಕೆ 82. ಬಿಯರ್ ಅಂದರೆ ಹಗುರ ಅಂತ ಅಂದುಕೊಂಡವರಿಗೆ ಇದು ನಂಬೋಕೆ ಕಷ್ಟ, ಆದರೆ ನಿಮ್ಮ ಬಿಯರ್ ಶನಿವಾರ ನಿಮ್ಮ ವಿಸ್ಕಿ ಶನಿವಾರಕ್ಕಿಂತ ಭಾರ. 5%ನ ಮೈಲ್ಡ್ ಬಾಟಲಿ ಆದರೆ ಒಂದಕ್ಕೆ 26 ಗ್ರಾಂ.

ಈಗ ಇದನ್ನು ತೂಕಕ್ಕೆ ಭಾಗಿಸಿ. 72 ಕೆ.ಜಿ.ಗೆ ಕ್ವಾರ್ಟರ್ ಅಂದರೆ ಕೆ.ಜಿ.ಗೆ 0.85 ಗ್ರಾಂ, ಎರಡು ಸ್ಟ್ರಾಂಗ್ ಅಂದರೆ 1.14. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ತೊಡೆ ಸ್ನಾಯುವನ್ನು ಚೆನ್ನಾಗಿ ದಣಿಸಿ, ಆಮೇಲೆ ಕುಡಿಸಿ ಅಳೆದಿದ್ದಾರೆ. ಕೆ.ಜಿ.ಗೆ 1 ಗ್ರಾಂ ಕೊಟ್ಟಾಗ ಮುಂದಿನ ಎರಡು ದಿನ ಬಲ ಕುಸಿದದ್ದು ಕುಡಿಯದೇ ಇದ್ದಾಗಿಗಿಂತ ಜಾಸ್ತಿ. 0.5 ಗ್ರಾಂ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲ. ನೀವು ಈ ಎರಡರ ನಡುವೆ ಮತ್ತು ಅದರಾಚೆ ಓಡಾಡ್ತಿದ್ದೀರಿ.

ವೇ ಪ್ರಶ್ನೆಗೂ ಉತ್ತರ ಇದೆ. 2014ರಲ್ಲಿ ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಎಂಟು ಜನ ಗಂಡಸರಿಗೆ ವ್ಯಾಯಾಮದ ನಂತರ ಕೆ.ಜಿ.ಗೆ 1.5 ಗ್ರಾಂ ಆಲ್ಕೋಹಾಲ್ ಕೊಟ್ಟು ಸ್ನಾಯುವಿನ ತುಣುಕು ತೆಗೆದು ನೋಡಿದರು. ಜೊತೆಗೆ 25 ಗ್ರಾಂ ವೇ ಎರಡು ಸಲ ಕೊಟ್ಟರೂ, ಬರೀ ವೇ ಕುಡಿದಾಗಿಗಿಂತ ಹೊಸ ಸ್ನಾಯು ಪ್ರೊಟೀನ್ ಕಟ್ಟೋ ಕೆಲಸ 24% ಕಮ್ಮಿ. ವೇ ಬದಲು ಬರೀ ಕಾರ್ಬ್ (ಪಿಷ್ಟ, ಸಕ್ಕರೆಯಂಥದ್ದು) ಕೊಟ್ಟಾಗ 37% ಕಮ್ಮಿ. ಅಂದರೆ ವೇ ಸ್ವಲ್ಪ ತಡೆಯುತ್ತೆ, ಪೂರ್ತಿ ಸರಿ ಮಾಡಲ್ಲ. ಒಂದು ಮಾತು: ಅದು ನಿಮ್ಮ ತೂಕಕ್ಕೆ 108 ಗ್ರಾಂ, ಸುಮಾರು 320 ಮಿ.ಲೀ. ವಿಸ್ಕಿ. ಯೂಟ್ಯೂಬಿನಲ್ಲಿ ‘ಒಂದು ಪೆಗ್ ಹಾಕಿದ್ರೆ 37% ಮಸಲ್ ಹೋಯ್ತು’ ಅಂತ ಕೂಗೋರು ಈ ಪ್ರಮಾಣ ಹೇಳಲ್ಲ.

ನಿಮಗೆ ನನ್ನ ಗೆರೆ: ಕೂತರೆ 90 ಮಿ.ಲೀ. ವಿಸ್ಕಿ, ಅಥವಾ ಒಂದು ಮೈಲ್ಡ್ ಬಿಯರ್. ಒಂದು ಸ್ಟ್ರಾಂಗ್ ಬಾಟಲಿಯೇ ನಿಮಗೆ 0.5 ದಾಟುತ್ತೆ. ಮತ್ತೆ ಮನೆಯಲ್ಲಿ ಕಣ್ಣಂದಾಜಿನಲ್ಲಿ ಸುರಿದ ಪೆಗ್ 30 ಇರಲ್ಲ, 45–50 ಇರುತ್ತೆ. ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಹಾಕಿದ ಮುಚ್ಚಳದಲ್ಲಿ ಒಂದು ಸಲ ಅಳೆದು ನಿಮ್ಮ ಲೋಟದಲ್ಲಿ ಎಲ್ಲಿಗೆ ಬರುತ್ತೆ ಅಂತ ನೋಡಿಕೊಳ್ಳಿ.

ಫಿಸಿಯೋಥೆರಪಿಸ್ಟ್, ಸಾಗರ

ಪ್ರಮಾಣದ ಬಗ್ಗೆ ಕೋಚ್ ಹೇಳಿದ್ದು ಸರಿ. ಆದರೆ ನಿಮ್ಮ ದೊಡ್ಡ ತಪ್ಪು ವಾರದ ಜೋಡಣೆ. ಕಾಲಿನ ವರ್ಕೌಟ್, ಅದರ ಹಿಂದೆಯೇ ಎಣ್ಣೆ, ಅದರ ಹಿಂದೆಯೇ ಓಟ. ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ, ಲಂಜ್‌ನಲ್ಲಿ, ಘಾಟಿ ಇಳಿಜಾರಿನ ಓಟದಲ್ಲಿ ಸ್ನಾಯು ಎಳೆದುಕೊಂಡೇ ಭಾರ ಹೊರುತ್ತೆ. ಎಳೆಗಳು ಹರಿಯೋದು ಜಾಸ್ತಿ ಅಲ್ಲೇ. ರಿಪೇರಿ ಚುರುಕಾಗಿ ನಡೆಯೋ ಮೊದಲ ರಾತ್ರಿಯನ್ನೇ ನೀವು ಬಾಟಲಿಗೆ ಕೊಡ್ತಿದ್ದೀರಿ. ಕಾಲನ್ನು ಮಂಗಳವಾರಕ್ಕೆ ತನ್ನಿ, ಎರಡನೇ ಸಲ ಬೇಕಾದರೆ ಗುರುವಾರ ಹಗುರಾಗಿ. ಶನಿವಾರ ಬೆಳಿಗ್ಗೆ ಓಟ. ಸಂಜೆ ಕೂರೋದಿದ್ದರೆ ಅವತ್ತು ಜಿಮ್ ಬೇಡ. ಭಾನುವಾರ ಫ್ರೀಡಂ ಪಾರ್ಕಿನಲ್ಲಿ ನಲವತ್ತು ನಿಮಿಷ ನಡೆದರೆ ಸಾಕು.

ಉಳುಕು, ಸ್ನಾಯು ಸೆಳೆತ, ಹೊಡೆತ ಬಿದ್ದಾಗ ಮೊದಲ ಎರಡು ಮೂರು ದಿನ ಒಂದು ಹನಿಯೂ ಬೇಡ. ಆಲ್ಕೋಹಾಲ್ ರಕ್ತನಾಳ ಹಿಗ್ಗಿಸೋದರಿಂದ ಊತ ಏರಬಹುದು. ಅದಕ್ಕಿಂತ ಮುಖ್ಯವಾಗಿ ನೋವು ಮರೆಸುತ್ತೆ, ನೀವು ಕಾಲೂರಿ ನಡೆದುಬಿಡ್ತೀರಿ. ಹೊನಲು ಬೆಳಕಿನ ಕಬಡ್ಡಿಯಲ್ಲಿ ಪಾದ ತಿರುಚಿಕೊಂಡು, ಸ್ಪ್ರೇ ಹೊಡೆದು, ಆಮೇಲೆ ‘ನೋವಿಗೆ’ ಅಂತ ಎರಡು ಪೆಗ್ ಹಾಕೋ ಪದ್ಧತಿ ನಮ್ಮ ಕಡೆ ಇದೆಯಲ್ಲ, ಮೂರು ವಾರದಲ್ಲಿ ವಾಸಿಯಾಗೋದನ್ನು ಎರಡು ತಿಂಗಳು ಎಳೆಸೋದು ಅದೇ.

ಇನ್ನು ನಿದ್ರೆ. ನನ್ನ ಪ್ರಕಾರ ಸ್ನಾಯುವಿಗಿಂತ ನಷ್ಟ ಇಲ್ಲಿ. ಕುಡಿದು ಮಲಗಿದರೆ ಬೇಗ ನಿದ್ರೆ ಹತ್ತುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ರಾತ್ರಿಯ ಮೊದಲರ್ಧ ಕನಸು ಬೀಳೋ ಹಂತದ ನಿದ್ರೆ ತುಂಡಾಗುತ್ತೆ. ಎಣ್ಣೆ ಇಳಿಯುತ್ತಾ ಬಂದಂತೆ, ಮೂರು ಮೂರೂವರೆಗೆ, ಕಣ್ಣು ಬಿಡುತ್ತೆ: ಬಾಯಿ ಒಣಗಿರುತ್ತೆ, ಮೂತ್ರಕ್ಕೆ ಅವಸರ, ಎದೆ ಡವಡವ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆಯೂ ಏರುತ್ತೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ದಕ್ಕಿದ್ದು ಅರೆಬರೆ ನಿದ್ರೆ. ಹಾಗಾಗಿ ಕೂರೋದೇ ಆದರೆ ಏಳಕ್ಕೆ ಕೂತು ಎಂಟೂವರೆಗೆ ಎದ್ದುಬಿಡಿ, ಹನ್ನೊಂದೂವರೆಗೆ ಮಲಗಿ. ಹೋಂಸ್ಟೇಗಳಲ್ಲಿ ಮೊದಲ ಪೆಗ್ ಒಂಬತ್ತೂವರೆಗೆ, ಊಟ ಹನ್ನೆರಡಕ್ಕೆ ಅನ್ನೋ ಕ್ರಮ ಇದೆಯಲ್ಲ, ಅಷ್ಟೇ ಪ್ರಮಾಣಕ್ಕೆ ಅದು ಇನ್ನೂ ಹೆಚ್ಚು ಕೆಡಿಸುತ್ತೆ.

ಓಟದ ತರಬೇತುದಾರ, ನೆಹರು ಕ್ರೀಡಾಂಗಣ

ಭಾನುವಾರದ ಎದೆಬಡಿತಕ್ಕೆ ಕಾರಣ ಹುಡುಕೋದೇ ಬೇಡ. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತೆ. ಕಾಫಿ, ತಣ್ಣೀರು ಸ್ನಾನ, ಲಿಂಬೆ ಶರಬತ್ತು ಯಾವುದೂ ಆ ವೇಗ ಹೆಚ್ಚಿಸಲ್ಲ. ಎಂಟೂವರೆಗೆ ಶುರು ಮಾಡಿದ ಕ್ವಾರ್ಟರ್ ಇಳಿಯೋಕೆ ಬೆಳಗಿನ ಜಾವ ನಾಲ್ಕೂವರೆ ಆಗಬಹುದು, ಎರಡು ಸ್ಟ್ರಾಂಗ್ ಬಿಯರ್‌ಗೆ ಏಳು ದಾಟಬಹುದು. ಅಂದರೆ ಬಿಯರ್ ಕುಡಿದ ಮರುದಿನ ಆರು ಗಂಟೆಗೆ ನೀವು ಓಡ್ತಿರೋದು ಎಣ್ಣೆ ಇನ್ನೂ ರಕ್ತದಲ್ಲಿರೋವಾಗಲೇ. ಓಟದ ಜಾಗಕ್ಕೆ ಬೈಕಿನಲ್ಲಿ ಹೋಗೋದಾದರೆ ಇದನ್ನೂ ನೆನಪಿಡಿ: 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ದಾಟಿದರೆ ಕಾನೂನಿನಲ್ಲಿ ಅಪರಾಧ, ಬೆಳಿಗ್ಗೆ ಅಂತ ರಿಯಾಯಿತಿ ಇಲ್ಲ.

ಎದ್ದ ಕೂಡಲೇ, ಹಾಸಿಗೆ ಬಿಡೋ ಮೊದಲು, ನಾಡಿ ಒಂದು ನಿಮಿಷ ಪೂರ್ತಿ ಎಣಿಸಿ. ವಾರದ ಸರಾಸರಿಗಿಂತ ಎಂಟು ಹತ್ತು ಬಡಿತ ಜಾಸ್ತಿ ಇದ್ದರೆ ಅವತ್ತು ವೇಗದ ಓಟ ಬೇಡ. ಬಡಿತ ತಾಳ ತಪ್ಪಿ ಒಂದು ಜೋರು ಒಂದು ಮೆಲ್ಲಗೆ ಬರ್ತಿದ್ದರೆ ಓಟವೇ ಬೇಡ, ಇಸಿಜಿ ಮಾಡಿಸಿ. ಒಂದೇ ಕೂರಿಕೆಯಲ್ಲಿ ಜಾಸ್ತಿ ಕುಡಿದವರಿಗೆ ಹೃದಯದ ಮೇಲ್ಕೋಣೆ ಲಯ ತಪ್ಪೋದು 1978ರಿಂದಲೇ ವೈದ್ಯರಿಗೆ ಗೊತ್ತಿರೋ ವಿಷಯ. ರಜೆ ಮುಗಿಸಿ ಬಂದವರಲ್ಲಿ ಕಂಡದ್ದಕ್ಕೆ ‘ಹಾಲಿಡೇ ಹಾರ್ಟ್’ ಅಂತಲೇ ಹೆಸರಿಟ್ಟರು.

ನೀರಿನ ಲೆಕ್ಕ ಮಲೆನಾಡಿನಲ್ಲಿ ತಪ್ಪೋದು ಮಳೆಗಾಲದಲ್ಲಿ. ತಂಪಿರುತ್ತೆ, ಬಾಯಾರಲ್ಲ, ಆದರೆ ಗಾಳಿ ತೇವ ಇರೋದರಿಂದ ಬೆವರು ಆರದೆ ಅಂಗಿ ಹಿಂಡೋ ಹಾಗಾಗಿರುತ್ತೆ, ಮಳೆ ಯಾವುದು ಬೆವರು ಯಾವುದು ಗೊತ್ತಾಗಲ್ಲ. ಓಟದ ಮುಂಚೆ, ಆಮೇಲೆ ಒದ್ದೆ ಬಟ್ಟೆ ತೆಗೆದು ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಮುಂದಿನ ಕೆಲ ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಉಪ್ಪಿರೋ ದ್ರವ ಹೋಗಬೇಕು. ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಸರಿ. ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಅಂತಿದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಿ. ಬಿಯರ್ ಇದಕ್ಕೆ ಬದಲಿ ಅಲ್ಲ. ಮೂತ್ರ ತಡೆಹಿಡಿಯೋ ಹಾರ್ಮೋನನ್ನು ಆಲ್ಕೋಹಾಲ್ ಅದುಮುತ್ತೆ. ಕುಡಿಯೋದರಲ್ಲಿ ಆಲ್ಕೋಹಾಲ್ 2% ಇದ್ದಾಗ ಅಷ್ಟಾಗಿ ತೊಂದರೆ ಇಲ್ಲ, 4%ಗೆ ಬಂದರೆ ಕುಡಿದ ನೀರು ಮೈಯಲ್ಲಿ ನಿಲ್ಲೋದು ತಡವಾಗುತ್ತೆ ಅಂತ ಪ್ರಯೋಗದಲ್ಲಿ ಕಂಡಿದೆ.

ಚಾರಣಿಗರಿಗೂ ಒಂದು ಮಾತು. ಕೊಡಚಾದ್ರಿಯಲ್ಲಿ, ಆಗುಂಬೆ ಕಡೆ ಮಳೆಯಲ್ಲಿ ನೆಂದಾಗ ‘ಚಳಿಗೆ ಒಂದು ರಮ್’ ಅನ್ನೋದು ತಲೆಕೆಳಗಿನ ಲೆಕ್ಕ ಮಾರಾಯ್ರೆ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಬರೋದಕ್ಕೆ ಮೈ ಬೆಚ್ಚಗನ್ನಿಸುತ್ತೆ. ಒದ್ದೆ ಬಟ್ಟೆಯಲ್ಲಿ ಅದೇ ಬಿಸಿ ಗಾಳಿ ಪಾಲು. ಮೇಲೆ ಪಾಚಿ ಹಿಡಿದ ಕಲ್ಲು. ಒಣ ಬಟ್ಟೆ, ಬಿಸಿ ಕಷಾಯ, ಬೆಲ್ಲ. ಇಂಬಳಕ್ಕೆ ಉಪ್ಪು ಇದೆ, ರಮ್ ಅದಕ್ಕೂ ಬೇಡ.

ಆಹಾರ ತಜ್ಞೆ, ತೀರ್ಥಹಳ್ಳಿ

ಕ್ಯಾಲರಿ ಸರಿದೂಗಿಸೋಕೆ ಅಂತ ಅವತ್ತು ಊಟ ಬಿಟ್ಟು ಕುಡಿಯೋ ಜಿಮ್ ಹುಡುಗರು ಬಹಳ. ಇದು ಎಲ್ಲಕ್ಕಿಂತ ಕೆಟ್ಟದ್ದು. ಆಲ್ಕೋಹಾಲ್ ಕರಗಿಸೋ ಹೊತ್ತಲ್ಲಿ ಲಿವರ್ ಹೊಸ ಗ್ಲೂಕೋಸ್ ಮಾಡೋದನ್ನು ಕಮ್ಮಿ ಮಾಡುತ್ತೆ. ಖಾಲಿ ಹೊಟ್ಟೆಯಲ್ಲಿ ಕುಡಿದು ಖಾಲಿ ಹೊಟ್ಟೆಯಲ್ಲೇ ಬೆಳಿಗ್ಗೆ ಓಡಿದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರಬಹುದು. ವ್ಯಾಯಾಮ ಮುಗಿದ ಮೇಲೆ, ಬಾಟಲಿ ತೆರೆಯೋ ಮೊದಲು ಉಣ್ಣಿ: 250 ಗ್ರಾಂ ಅನ್ನ ಅಂದರೆ ಸುಮಾರು 70 ಗ್ರಾಂ ಕಾರ್ಬ್, 100 ಗ್ರಾಂ ಬೆಂದ ಕೋಳಿ ಅಥವಾ ನಾಲ್ಕು ಮೊಟ್ಟೆ ಅಂದರೆ 25 ಗ್ರಾಂ ಆಸುಪಾಸು ಪ್ರೊಟೀನ್. ಕಡುಬು ಕೋಳಿಸಾರು ಆದರೂ ಆಯ್ತು. ಹೊಟ್ಟೆ ತುಂಬಿದ್ದರೆ ಆಲ್ಕೋಹಾಲ್ ರಕ್ತಕ್ಕೆ ನಿಧಾನವಾಗಿ ಇಳಿಯುತ್ತೆ. ಎಣ್ಣೆ ಜೊತೆ ಸೈಡ್ಸ್ ತಿಂದು ಊಟ ಬಿಟ್ಟವರಿಗೆ ಗ್ಲೈಕೋಜನ್ (ಸ್ನಾಯು ಕೂಡಿಡೋ ಸಕ್ಕರೆ) ತುಂಬಲ್ಲ, ಕಾರಣ ಅವರು ಅನ್ನದ ಬದಲು ಮಿಕ್ಸ್ಚರ್ ತಿಂದಿರ್ತಾರೆ.

ಆಲ್ಕೋಹಾಲ್ ಗ್ರಾಂಗೆ 7 ಕ್ಯಾಲರಿ. ಕ್ವಾರ್ಟರಿಗೆ 425, ಕೋಲಾ ಬೇರೆ. ದೇಹ ಇದನ್ನು ಕೂಡಿಡೋಕೆ ಆಗದ ಕಾರಣ ಮೊದಲು ಇದನ್ನೇ ಸುಡುತ್ತೆ, ಅಷ್ಟು ಹೊತ್ತು ಕೊಬ್ಬು ಕರಗೋದು ಹಿಂದೆ ಬೀಳುತ್ತೆ. ಕಬಾಬಿನ ಎಣ್ಣೆ ಹೊಟ್ಟೆಗೆ ಸೇರೋದು ಹೀಗೆ.

ಹೆಣ್ಣುಮಕ್ಕಳು ಮೇಲಿನ 0.5 ಗೆರೆಯನ್ನು ಹಾಗೇ ತಗೋಬೇಡಿ. ಆ ಪ್ರಯೋಗ ಗಂಡಸರ ಮೇಲೆ ನಡೆದದ್ದು. ಮೈಯಲ್ಲಿ ನೀರಿನಂಶ ಕಮ್ಮಿ ಇರೋದರಿಂದ ಅದೇ ಗ್ರಾಂ ನಮ್ಮ ರಕ್ತದಲ್ಲಿ ಹೆಚ್ಚು ಏರುತ್ತೆ. ಬಸುರಿಯರಿಗೆ ಸೊನ್ನೆ.

ಪ್ರಶ್ನೆ ಕೇಳಿದವರು

ಕಣ್ಣು ತೆರೆಸಿದಿರಿ, ವಿಶೇಷವಾಗಿ ಬಿಯರ್ ಲೆಕ್ಕ. ಒಂದು ಉಳಿದಿದೆ: ಭಾನುವಾರ ತಲೆನೋವು, ಮೈಕೈ ನೋವಿಗೆ ಮಾತ್ರೆ ತಗೋಬಹುದಾ? ಜಿಮ್‌ನಲ್ಲಿ ಒಬ್ಬರು ಪ್ರೀ ವರ್ಕೌಟ್ (ವ್ಯಾಯಾಮಕ್ಕೆ ಮುಂಚೆ ಕುಡಿಯೋ ಕೆಫೀನ್ ಪುಡಿ) ಕುಡಿದು ಬೆವರು ಹರಿಸು, ಇಳಿಯುತ್ತೆ ಅಂತಾರೆ.

ಫಾರ್ಮಸಿಸ್ಟ್, ಭದ್ರಾವತಿ

ಬೆವರಲ್ಲಿ ಹೋಗೋದು ಲೆಕ್ಕಕ್ಕಿಲ್ಲದಷ್ಟು. ಪ್ರೀ ವರ್ಕೌಟ್‌ನ ಕೆಫೀನ್ ಮಂಪರು ಮುಚ್ಚಿ, ಏರಿದ ಬಡಿತವನ್ನು ಇನ್ನೂ ಏರಿಸುತ್ತೆ. ಬೇಡ.

ಐಬುಪ್ರೊಫೆನ್, ಡೈಕ್ಲೋಫೆನಾಕ್ ಕುಡಿದ ರಾತ್ರಿಯೂ ಬೇಡ, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಗೂ ಬೇಡ: ಎರಡೂ ಸೇರಿ ಹೊಟ್ಟೆಯ ಒಳಪದರ ಕೆರೆಯುತ್ತೆ, ರಕ್ತ ಬರಬಹುದು, ನೀರು ಕಮ್ಮಿ ಇದ್ದಾಗ ಕಿಡ್ನಿಗೂ ಭಾರ. ಪ್ಯಾರಾಸಿಟಮಾಲ್ ದಿನಾ ಕುಡಿಯೋರ ಲಿವರಿಗೆ ಅಪಾಯ. ಅಪರೂಪಕ್ಕೆ ಕುಡಿಯೋ ಆರೋಗ್ಯವಂತರು ತಿಂಡಿ ತಿಂದ ಮೇಲೆ 500 ಮಿ.ಗ್ರಾಂ ಒಂದು ತಗೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮಳೆಗಾಲದ ಶೀತಕ್ಕೆ ಸೆಟ್ರಿಜಿನ್ ನುಂಗಿ ಮೇಲೆ ಪೆಗ್ ಹಾಕೋರಿಗೆ ಮಂಪರು ಇಮ್ಮಡಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಮೆಟ್ರೊನಿಡಜೋಲ್, ನಿದ್ರೆ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ವೈದ್ಯರು, ಶಿವಮೊಗ್ಗ

ಇಲ್ಲಿ ಎಲ್ಲರೂ ಕೊಟ್ಟ ಗೆರೆಗಳು ವ್ಯಾಯಾಮದ ಲೆಕ್ಕಕ್ಕೆ, ಆರೋಗ್ಯದ ಲೆಕ್ಕಕ್ಕಲ್ಲ. ಇಷ್ಟರವರೆಗೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಇದನ್ನು ಓದಿ ‘90 ಪರವಾಗಿಲ್ಲವಂತೆ’ ಅಂತ ಶುರು ಮಾಡಬೇಡಿ.

ಇನ್ನೊಂದು, ಪ್ರಶ್ನೆ ಕೇಳಿದವರಿಗಲ್ಲ, ಸುಮ್ಮನೆ ಓದ್ತಿರೋರಿಗೆ. ದಿನಾ ಕುಡಿಯೋ ಅಭ್ಯಾಸವಿದ್ದು, ಒಂದು ದಿನ ತಪ್ಪಿದರೆ ಬೆಳಿಗ್ಗೆ ಕೈ ನಡುಗುತ್ತೆ, ಬೆವರುತ್ತೆ ಅಂದರೆ ಫಿಟ್‌ನೆಸ್ ಹುರುಪಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆ ಆಗಬಹುದು. ಔಷಧದ ಆಸರೆಯಲ್ಲಿ ಇಳಿಸಬೇಕು. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ.

ಜಿಮ್ ಕೋಚ್, ದುರ್ಗಿಗುಡಿ

ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗೋ ಹುಡುಗರು ಇದನ್ನು ಓದ್ತಿದ್ದರೆ: 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಾದವರಿಗೆ ಹತ್ತು ಸೆಕೆಂಡ್ ಅಂದರೆ ನೌಕರಿ. ನಿಮಗೆ ಗ್ರಾಂ ಲೆಕ್ಕ ಬೇಡ, ಪರೀಕ್ಷೆ ಮುಗಿಯೋ ತನಕ ಸೊನ್ನೆ.

ವಿನೋಬನಗರದವರೇ, ನಂಬಿಕೆ ಬೇಡ, ಅಳೆದು ನೋಡಿ. ನಾಲ್ಕು ವಾರ ಸೊನ್ನೆ, ಆಮೇಲೆ ನಾಲ್ಕು ವಾರ ಶನಿವಾರಕ್ಕೆ 90. ಎರಡರಲ್ಲೂ ಕಾಲಿನ ದಿನ ಮಂಗಳವಾರವೇ ಇರಲಿ. ಪುಸ್ತಕದಲ್ಲಿ ಮೂರೇ ಬರೆಯಿರಿ: ಎದ್ದಾಗಿನ ನಾಡಿ, 80 ಕೆ.ಜಿ.ಯಲ್ಲಿ ಸ್ಕ್ವಾಟ್ ಎಷ್ಟು ರೆಪ್, ಕಾಲುನೋವು ಎಷ್ಟು ದಿನ. ಆ ಎಂಟು ವಾರದಲ್ಲಿ ಹೊಸ ಪ್ರೋಗ್ರಾಂ, ಕ್ರಿಯಾಟಿನ್, ಹೊಸ ಡಯಟ್ ಯಾವುದೂ ಶುರು ಮಾಡಬೇಡಿ, ಯಾವುದರಿಂದ ಏರಿತು ಅಂತ ಗೊತ್ತಾಗಲ್ಲ. ಸೊನ್ನೆಯಲ್ಲೂ ಸ್ಕ್ವಾಟ್ ಏರಲಿಲ್ಲ ಅಂದರೆ ಆಗ ನಿಮ್ಮ ಸೆಟ್ಟು, ಊಟ ಎರಡನ್ನೂ ಇಲ್ಲಿ ಹಾಕಿ, ನೋಡೋಣ.