ಸಹಾಯ ಬೇಕು: ದೇವದುರ್ಗದ ಮಹಿಳಾ ಸಂಘಗಳ ಯೋಜನೆಯ ಮೌಲ್ಯಮಾಪನ

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಸ್ವಸಹಾಯ ಸಂಘಗಳ ಮೂಲಕ ನಡೆದ ಸಬಲೀಕರಣ ಯೋಜನೆಯೊಂದರ ಮೌಲ್ಯಮಾಪನ ನನ್ನ ಪಾಲಿಗೆ ಬಂದಿದೆ. 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಇದೂ ಒಂದು.

ಯೋಜನೆ ಶುರುವಾಗುವ ಮುನ್ನ ಸಮೀಕ್ಷೆಯೇ ನಡೆದಿಲ್ಲ. ಹೋಲಿಸಲು ಹಳೆಯ ಅಂಕಿಅಂಶವಿಲ್ಲ. ಸಂಘದ ದಾಖಲೆಗಳೇನೋ ಬಲು ಅಚ್ಚುಕಟ್ಟು. ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿಯೂ ಒಂದೇ ಪೆನ್ನಿನದು, ಅಕ್ಷರವೂ ಬಹುಮಟ್ಟಿಗೆ ಒಂದೇ! ಸಾಲ ಹೆಂಡತಿಯ ಹೆಸರಿನಲ್ಲಿ, ಅದರಿಂದ ಕೊಂಡ ಮೋಟರ್‌ಸೈಕಲ್ ಗಂಡನ ಹೆಸರಿನಲ್ಲಿ. ‘ಮರುಪಾವತಿ ಉತ್ತಮ’ ಎಂದು ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಮನೆಯ ಖರ್ಚನ್ನು ಯಾರು ನಿರ್ಧರಿಸುತ್ತಾರೆ ಎಂದು, ಅತ್ತೆಯೋ ಗಂಡನೋ ಎದುರಿಗೇ ಕುಳಿತಿರುವಾಗ, ನೀವು ಹೇಗೆ ಕೇಳುತ್ತೀರಿ? ಯೋಜನೆ ತಲುಪದ ಪಕ್ಕದ ಹಳ್ಳಿಗಳೊಡನೆ ಹೋಲಿಸೋಣವೆಂದರೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಸಿಕ್ಕ ಊರಿಗೂ ಸಿಗದ ಊರಿಗೂ ಅಜಗಜಾಂತರ. ಸುಗ್ಗಿ ಮುಗಿದ ಮೇಲೆ ಬಹಳಷ್ಟು ಜನ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಊರಲ್ಲಿ ಸಿಕ್ಕವರನ್ನಷ್ಟೇ ಮಾತನಾಡಿಸಿದರೆ ಕಡುಬಡವರೇ ಬಿಟ್ಟುಹೋಗುತ್ತಾರೆ. ಯುಗಾದಿಗೆ ಅವರು ಮರಳುವವರೆಗೆ ಕಾಯಲೇ?

ಕಲ್ಯಾಣ ಕರ್ನಾಟಕದಲ್ಲಿ ಇಂಥ ಕೆಲಸ ಮಾಡಿದವರು ತಮ್ಮ ಪ್ರಶ್ನಾವಳಿಯ ಮಾದರಿ ಹಂಚಿಕೊಂಡರೆ ಉಪಕಾರವಾಗುತ್ತದೆ. ಆ ಕಡೆಯ ಮಾತು ಬಲ್ಲ ಮಹಿಳಾ ಸಮೀಕ್ಷಕರಿದ್ದರೂ ತಿಳಿಸಿ. ದಿನಭತ್ಯೆ, ಪ್ರಯಾಣ ವೆಚ್ಚ ಕೊಡುತ್ತೇವೆ.