ಹೊಸ ಮನೆ ಸರಿ ಪುಟ್ಟಾ, ಮೀಟರ್ ಎಲ್ಲಿದೆ?

ಪುಟ್ಟಾ, ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ನಿನ್ನ ಫ್ಲಾಟಿನ ಫೋಟೋಗಳದ್ದೇ ಹಬ್ಬ. ನಾಗಸಂದ್ರ ಮೆಟ್ರೋಗೆ ಹತ್ತಿರ, ಹೊಸ ಕಟ್ಟಡ, ನೀನೇ ಮೊದಲ ಬಾಡಿಗೆದಾರಳು, ಬಾಡಿಗೆ 22,000, ಅಡ್ವಾನ್ಸ್ ಆರು ತಿಂಗಳದ್ದು, ನಾಳೆಯೇ ಟೋಕನ್ ಕೊಡಬೇಕಂತೆ. ಎಲ್ಲರೂ ಸೂಪರ್ ಅಂದಿದ್ದಾರೆ. ನಾನು ಮಾತ್ರ ಸ್ವಲ್ಪ ತಡಿ ಅನ್ನುತ್ತೇನೆ. ಟೈಪ್ ಮಾಡಿದರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿಬಿಡುತ್ತೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಬೇಡ.

ನಿಮ್ಮಣ್ಣನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ ಅಲ್ವಾ? ಅವನೂ ಹೀಗೇ ಹೊಸ ಕಟ್ಟಡ ಅಂತ ಕುಣಿದುಕೊಂಡು ಹೋದ. ಮೊದಲ ತಿಂಗಳ ಕರೆಂಟ್ ದುಡ್ಡು ಕೇಳಿ ನಮಗೆ ತಲೆ ತಿರುಗಿತು. ಇದ್ದದ್ದು ಒಂದು ಫ್ರಿಜ್, ಎರಡು ಫ್ಯಾನು. ವಿಚಾರಿಸಿದರೆ ಮನೆಗೆ ಸ್ವಂತ ಮೀಟರೇ ಇಲ್ಲ! ಕಟ್ಟುವಾಗ ತೆಗೆದುಕೊಂಡಿದ್ದ ಟೆಂಪರರಿ ಕನೆಕ್ಷನ್ನಿನಲ್ಲೇ ಹದಿನಾರು ಮನೆ ನಡೆಯುತ್ತಿದ್ದವು. ಅದರ ರೇಟು ಮನೆ ರೇಟಿಗಿಂತ ಜಾಸ್ತಿ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗಿನ ಲಾಭ ಬಾಡಿಗೆದಾರರಿಗೂ ಇದೆ, ಆದರೆ ಮನೆಗೆ ಮೀಟರೇ ಇಲ್ಲದೆ ಅರ್ಜಿ ಹೇಗೆ ಹಾಕುವುದು? ಓನರ್ ಮಾತೆತ್ತಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಅಂಥ ಮುಂದಿನ ತಿಂಗಳು ಒಂಬತ್ತು ಕಳೆದವು.

ಈಗ ಇನ್ನೂ ಬಿಗಿಯಾಗಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ನೋಡದೆ ಕರೆಂಟು, ನೀರು ಕೊಡಬೇಡಿ ಅಂದಿತು. ಓಸಿ ಅಂದರೆ ಕಟ್ಟಡ ಪ್ಲಾನಿನ ಪ್ರಕಾರವೇ ಮುಗಿದಿದೆ, ಜನ ವಾಸ ಮಾಡಬಹುದು ಅನ್ನುವ ಸರ್ಟಿಫಿಕೇಟ್. ಆಮೇಲೆ ಬೆಂಗಳೂರಿನಲ್ಲಿ ಎಷ್ಟೋ ಹೊಸ ಕಟ್ಟಡಗಳು ಮೀಟರ್ ಸಿಗದೆ ನಿಂತವು. ಮೂವತ್ತು ನಲವತ್ತರ ಸೈಟಿನ ಚಿಕ್ಕ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು, ನಿಜ. ನಿನ್ನದು ಫೋಟೋದಲ್ಲಿ ಎಣಿಸಿದರೆ ಐದು ಮಹಡಿ ಇದೆ. ಹಾಗಾಗಿ ಓಸಿ ಇದೆಯಾ ಅಂತ ಬಾಯಿಬಿಟ್ಟು ಕೇಳು. ಆಮೇಲೆ ಕೆಳಗಿಳಿದು ಮೀಟರ್ ಬೋರ್ಡ್ ನೋಡು. ನಿನ್ನ ಮನೆ ನಂಬರಿನ ಮೀಟರ್ ಯಾವುದು, ಅದರ ಬೆಸ್ಕಾಂ ಬಿಲ್ ಎಲ್ಲಿ, ಎರಡನ್ನೂ ತೋರಿಸಲಿ. ತೋರಿಸಲು ಹಿಂದೆಮುಂದೆ ನೋಡಿದರೆ ಟೋಕನ್ ಕೈಯಲ್ಲೇ ಇರಲಿ.

ಇನ್ನು ನೀರು. ನಾವು ಇಲ್ಲಿ ತುಮಕೂರಿನಲ್ಲಿ ಹೇಮಾವತಿ ನೀರಿಗೆ ಒಗ್ಗಿದವರು. ಅಲ್ಲಿ ಕಾವೇರಿ ಲೈನ್ ಬಂದಿದೆಯಾ, ಇಲ್ಲ ಬರೀ ಬೋರ್‌ವೆಲ್ಲಾ? ಟ್ಯಾಂಕರ್ ತರಿಸಿದರೆ ಆ ದುಡ್ಡು ಮೇಂಟೆನೆನ್ಸಿನಲ್ಲೇ ಸೇರಿದೆಯಾ? ಇದನ್ನು ಓನರಿಗಿಂತ ವಾಚ್‌ಮನ್ನನ್ನು ಕೇಳುವುದು ಒಳ್ಳೆಯದು. ಬಾತ್‌ರೂಮಿನ ಹಿಂದಿನ ಗೋಡೆ ಮುಟ್ಟಿ ನೋಡು, ತೇವ ಇರಬಾರದು. ಸಿಂಕಿಗೆ ಎರಡು ಬಕೆಟ್ ನೀರು ಸುರಿ. ನಿಮ್ಮಣ್ಣನ ಮನೆಯ ಪೈಪಿನಲ್ಲಿ ಸಿಮೆಂಟು ಗಟ್ಟಿಯಾಗಿ ಕೂತಿತ್ತು, ಮೊದಲ ದಿನದ ಸಾರೆಲ್ಲ ವಾಪಸ್ ಬಂತು!

ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಗಂಟು ಕೊಟ್ಟು ಭೋಗ್ಯಕ್ಕೆ ಕೇಳು ಅಂತ ನಿಮ್ಮ ಮಾವ ಹಾಕಿದ್ದಾರಲ್ಲ, ಅದು ಬೇಡವೇ ಬೇಡ. ಕಟ್ಟಡದ ಮೇಲೆ ಬ್ಯಾಂಕ್ ಸಾಲ ಇದ್ದರೆ ಅಷ್ಟು ದೊಡ್ಡ ಗಂಟಿಗೆ ಯಾರು ಗ್ಯಾರಂಟಿ? ಸಾರಿ ಭಾವ, ಅನ್ನಿಸಿದ್ದು ಹೇಳಿದೆ.

ಅಗ್ರಿಮೆಂಟು 11 ತಿಂಗಳಿಗೇ ಬರೆಯುತ್ತಾರೆ, ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ಮೀಟರ್ ಇನ್ನೂ ಬಂದಿಲ್ಲ ಅಂದರೆ ಇಂಥ ತಾರೀಕಿನೊಳಗೆ ಹಾಕಿಸುತ್ತೇನೆ, ಆಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಅದರಲ್ಲೇ ಬರೆಸು. ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಬರೆಸು. ಹೊಸ ಗೋಡೆ ನೋಡು, ಒಂದು ಮೊಳೆ ಹೊಡೆದರೂ ಲೆಕ್ಕ ಹಾಕುತ್ತಾರೆ.

ಶನಿವಾರದವರೆಗೆ ಟೈಮ್ ಕೇಳು. ಬಸ್ಸಿನಲ್ಲಿ ಮಾದಾವರದವರೆಗೆ ಬಂದು ಮೆಟ್ರೋ ಹತ್ತಿದರೆ ನಾಗಸಂದ್ರ ದೂರವಿಲ್ಲ, ನಾನೇ ಬರುತ್ತೇನೆ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಎಷ್ಟು ತರಲಿ ಅಂತ ಈಗಲೇ ಹೇಳಿಬಿಡು.